ಏಳು ನಕ್ಷೆ, ಒಂದು ಸೈಕಲ್ ದಾರಿ

ಜೂನ್ ತಿಂಗಳ ಒಂದು ಬೆಳಿಗ್ಗೆ ವೀರಭದ್ರಪ್ಪ ಮನೆಯ ಮುಂದೆ ರಸ್ತೆಯಲ್ಲಿ ನಿಲ್ಲಿಸಿದ್ದ ತಮ್ಮ ಹಳೆಯ ಕಾರಿನೊಳಗೆ ಕುಳಿತು ಗಾಜು ಒರೆಸುತ್ತಿದ್ದರು. ಒರೆಸಿ ಮುಗಿದ ಮೇಲೆ ಹಿಂದೆ ಮುಂದೆ ನೋಡದೆ ಬಾಗಿಲು ತೆರೆದರು. ನಾಚಾರಂನ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೈಕಲ್ ಮೇಲೆ ಹೊರಟಿದ್ದ ಭಾಗ್ಯಶ್ರೀ ಆ ಬಾಗಿಲಿಗೆ ಬಡಿದು ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ವೀರಭದ್ರಪ್ಪನವರ ಹೆಂಡತಿ ನೇತ್ರಾ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿದಳು. ಮನೆಗೆ ಬಂದಾಗ ಗಂಡ, ಆಕೆ ಅಷ್ಟು ಅಂಚಿಗೆ ಬರಬಾರದಿತ್ತು ಎಂದರು. ಅಂಚಿನಲ್ಲಿ ಕಾರುಗಳು, ನಡುವೆ ನೀರಿನ ಟ್ಯಾಂಕರುಗಳು. ಆಕೆ ಮತ್ತೆಲ್ಲಿ ಹೋಗಬೇಕಿತ್ತು ಎಂದು ನೇತ್ರಾ ಕೇಳಿದಳು.

ನೇತ್ರಾ ರಾಯಚೂರಿನ ಕಡೆಯಿಂದ ಈ ತೆಲುಗು ಊರಿಗೆ ಬಂದವಳು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಯಂತ್ರದ ಭಾಗಗಳ ನಕ್ಷೆ ಬಿಡಿಸಿ ನಿವೃತ್ತಳಾಗಿದ್ದಳು. ಮರುವಾರವೇ ವಾರ್ಡ್ ಕಚೇರಿಗೆ ಹೋಗಿ ಇಂಜಿನಿಯರನ್ನು ಕಂಡಳು. ಕಾಲನಿಯವರೆಲ್ಲ ಒಪ್ಪಿ ಸಹಿ ಹಾಕಿದ ನಕ್ಷೆ ತಂದರೆ ಸೈಕಲ್ಲಿಗೆಂದೇ ರಸ್ತೆಯ ಎಡಗಡೆ ಬಿಳಿ ಗೆರೆ ಎಳೆಸಿ ಗೂಟ ನೆಡಿಸುತ್ತೇನೆ ಎಂದು ಆತ ಹೇಳಿದ. ಅವಳು ಟೇಪು ಹಿಡಿದು ಇಡೀ ರಸ್ತೆ ಅಳೆದು ನಕ್ಷೆ ಬಿಡಿಸಿದಳು. ಕಾಲನಿಯ ಗೇಟಿನಿಂದ ಕಾರ್ಖಾನೆಗಳ ರಸ್ತೆಯವರೆಗೆ ಒಂದೇ ನೇರ ಗೆರೆ.

ಕಾಲನಿ ಸಂಘದ ಮೊದಲ ಸಭೆಯಲ್ಲಿ ಎಲ್ಲರೂ ತೆಲುಗಿನಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ ಅವಳನ್ನು ಹೊಗಳಿದರು. ಹೊಗಳಿ ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದರು. ದಂತವೈದ್ಯರಿಗೆ ರೋಗಿಗಳ ಗಾಡಿ ನಿಲ್ಲಲು ಜಾಗ ಬೇಕಿತ್ತು. ಕಿರಾಣಿ ಅಂಗಡಿಯವನಿಗೆ ಸ್ಕೂಟರಿನವರು ಬಾಗಿಲ ಮುಂದೆಯೇ ನಿಲ್ಲಬೇಕಿತ್ತು. ನಿವೃತ್ತ ಅಧಿಕಾರಿಯೊಬ್ಬರು, ಸೈಕಲ್ಲಿನವರು ರಸ್ತೆ ತೆರಿಗೆ ಕಟ್ಟುತ್ತಾರೆಯೇ ಎಂದು ಮೂರು ಸಭೆಗಳಲ್ಲಿ ಮೂರು ಸಲ ಕೇಳಿದರು. ಯಾರೂ ಸೈಕಲ್ ದಾರಿ ಬೇಡವೆನ್ನಲಿಲ್ಲ. ತಮ್ಮ ಮನೆಯ ಮುಂದೆ ಬೇಡ, ಅಷ್ಟೇ.

ಪ್ರತಿ ಸಭೆಯ ನಂತರ ನೇತ್ರಾ ಗೆರೆಯನ್ನು ಬದಲಿಸಿದಳು. ಅದು ದಂತವೈದ್ಯರ ಮನೆ ತಪ್ಪಿಸಿ ಬಲಕ್ಕೆ ದಾಟಿತು, ಅಂಗಡಿ ದಾಟಿದ ಮೇಲೆ ಎಡಕ್ಕೆ ಬಂತು, ಕೊನೆಗೆ ಕೊಳಚೆ ನೀರಿನ ನಾಲಾ ಪಕ್ಕದ ಓಣಿಗೆ ಇಳಿಯಿತು. ಏಳನೆಯ ನಕ್ಷೆಯನ್ನು ಸಂಘದ ಅಧ್ಯಕ್ಷ ಶಿವಶರಣಪ್ಪ ಕನ್ನಡಕ ಏರಿಸಿ ನೋಡಿದರು. ಕಲಬುರ್ಗಿಯಿಂದ ಬಂದು ಬಟ್ಟೆ ವ್ಯಾಪಾರ ಮಾಡುವ ಅವರ ಎರಡು ಕಾರು ರಸ್ತೆಯಲ್ಲೇ ನಿಲ್ಲುತ್ತಿದ್ದವು.

"ಭಾಳ ಚಂದ ಆಗೇತ್ರಿ ಬಾಯಾರ. ನಮ್ಮ ಗೇಟಿನ ಮುಂದ ಅಷ್ಟ ಬಿಟ್ಟಬಿಡ್ರಿ," ಎಂದರು.

ನೇತ್ರಾಗೆ ನಕ್ಷೆಯನ್ನು ಅಲ್ಲೇ ಹರಿದುಹಾಕಬೇಕೆನಿಸಿತು. ಸುರುಳಿ ಸುತ್ತಿಕೊಂಡು ನೇರವಾಗಿ ಭಾಗ್ಯಶ್ರೀಯ ಬಾಡಿಗೆ ಕೋಣೆಗೆ ಹೋದಳು. ಪ್ಲಾಸ್ಟರ್ ಬಿಚ್ಚಿ ವಾರವಾಗಿದ್ದ ಭಾಗ್ಯಶ್ರೀ ಗೆರೆಯ ಮೇಲೆ ಬೆರಳಾಡಿಸಿ ನೋಡಿದಳು.

"ಹಿಂಗ ಹೋಗೂದಾದ್ರ ನಾಕ ಕಡೆ ಇಳದು ರಸ್ತಾ ದಾಟಬೇಕ್ರಿ ಅಕ್ಕಾ. ನಾ ಹಳೀ ದಾರೀಲೇ ಹೋಗ್ತೀನ್ರಿ. ನೀವು ಸುಮ್ಮನ ತ್ರಾಸ ತಗೋಬ್ಯಾಡ್ರಿ."

ಮನೆಗೆ ಬಂದ ನೇತ್ರಾ ಸಿಟ್ಟನ್ನೆಲ್ಲ ಗಂಡನ ಮೇಲೆ ತೀರಿಸಿಕೊಂಡಳು. ತಿಂಗಳಿಗೊಮ್ಮೆ ಬೇಗಂಪೇಟೆಯ ಮಗಳ ಮನೆಗೆ ಹೋಗುವುದಕ್ಕಷ್ಟೇ ಇರುವ ಕಾರು, ಭಾಗ್ಯಶ್ರೀಯ ಕೈ ಮುರಿದ ಕಾರು, ಇನ್ನೂ ರಸ್ತೆಯಲ್ಲೇ ನಿಂತಿದೆ. ಮೊದಲು ಅದನ್ನು ತೆಗೆಯಿರಿ ಎಂದಳು.

"ಎಲ್ಲಿ ನಿಲ್ಲಸ್ಲಿ? ನಿನ್ನ ಸೀತಾಫಲದ ಗಿಡದ ಮ್ಯಾಲ?" ಎಂದರು ವೀರಭದ್ರಪ್ಪ.

ಕಾಂಪೌಂಡಿನೊಳಗೆ ಕಾರು ನಿಲ್ಲುವಷ್ಟು ಜಾಗವಿದ್ದುದು ಒಂದೇ ಕಡೆ. ಅಲ್ಲಿ ನೇತ್ರಾಳೇ ಬೀಜ ಹಾಕಿ ಬೆಳೆಸಿದ ಹದಿನೆಂಟು ವರ್ಷದ ಗಿಡವಿತ್ತು. ಏಳು ನಕ್ಷೆ ಬಿಡಿಸಿದವಳಿಗೆ ಅದರ ನೆನಪು ಒಮ್ಮೆಯೂ ಆಗಿರಲಿಲ್ಲ. ದಂತವೈದ್ಯರಿಗೂ ತನಗೂ ಏನು ವ್ಯತ್ಯಾಸ ಎಂದು ಯೋಚಿಸುತ್ತ ಮೂರು ದಿನ ಕಳೆದಳು. ನಾಲ್ಕನೆಯ ದಿನ, ಗಿಡ ತೆಗೆಸಿದರೆ ಕಾರು ಒಳಗೆ ಬರುತ್ತದೆಯೇ ಎಂದು ಗಂಡನನ್ನು ಕೇಳಿದಳು. ಇವಳೆಲ್ಲಿ ತೆಗೆಸುತ್ತಾಳೆ ಎಂದುಕೊಂಡು ಅವರು ಹೂಂ ಎಂದರು.

ಭಾನುವಾರ ಮರ ಕಡಿಯುವವನು ಬಂದ. ವೀರಭದ್ರಪ್ಪ ಚಹಾದ ಲೋಟ ಹಿಡಿದು ಬನಿಯನ್ನಿನಲ್ಲೇ ಹೊರಗೆ ಬಂದರು. ಕೊಂಬೆಗಳ ತುಂಬ ಕಾಯಿ ಇದ್ದವು.

"ಸಿಟ್ಟಿನಾಗ ಅಂದಿದ್ನಿ. ಬಿಡು, ಗಿಡ ಇರ್ಲಿ," ಎಂದರು.

"ನಾನೂ ಸಿಟ್ಟಿನಾಗ ಅದೀನ್ರಿ. ಆದ್ರ ಆಡಿದ ಮಾತು ಮಾತ. ಕಾರಿನ ಕೀಲಿ ತರ್ರಿ."

ಗಿಡ ಬಿದ್ದಾಗ ನೇತ್ರಾ ಅಡುಗೆಮನೆಯೊಳಗಿದ್ದಳು. ಹೊರಗೆ ಬರಲಿಲ್ಲ. ಎಳೆಕಾಯಿಗಳನ್ನು ವೀರಭದ್ರಪ್ಪನವರೇ ಬಕೆಟ್ಟಿನಲ್ಲಿ ತುಂಬಿಟ್ಟರು. ಸಂಜೆಯ ಹೊತ್ತಿಗೆ ಕಾರು ಒಳಗೆ ಬಂದಿತ್ತು.

ಮರುದಿನ ಅವಳು ಸಭೆ ಕರೆಯಲಿಲ್ಲ. ನೇರ ಗೆರೆಯ ಮೊದಲ ನಕ್ಷೆಯನ್ನು ಹಿಡಿದು ಮನೆಮನೆಗೆ ಹೋದಳು. ನಮ್ಮ ಕಾರು ಒಳಗೆ ಹೋಯಿತು, ಇಡೀ ರಸ್ತೆಯ ಮಾತು ಬೇಡ, ನಿಮ್ಮ ಮನೆಯ ಮುಂದಿನದಕ್ಕಷ್ಟೇ ಸಹಿ ಹಾಕಿ ಎಂದಳು. ಮೂರನೆಯ ದಿನ ವೀರಭದ್ರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜೊತೆಗೆ ಹೊರಟರು. ಅವರ ತೆಲುಗು ಅವಳದಕ್ಕಿಂತ ಚೆನ್ನಾಗಿತ್ತು. ಕೈ ಮುರಿದದ್ದು ತಮ್ಮ ಕಾರಿನ ಬಾಗಿಲಿನಿಂದಲೇ ಎಂದು ಅವರು ಹೋದಲ್ಲೆಲ್ಲ ತಾವಾಗಿಯೇ ಹೇಳಿದ್ದನ್ನು ಕೇಳಿ ನೇತ್ರಾ ಆಶ್ಚರ್ಯಪಟ್ಟಳು. ದಂತವೈದ್ಯರು ಬೈದುಕೊಳ್ಳುತ್ತಲೇ ಸಹಿ ಹಾಕಿದರು. ರಸ್ತೆಯ ಎಡಗಡೆಯ ಮೂವತ್ತು ಮನೆಗಳಲ್ಲಿ ಇಪ್ಪತ್ತಾರು ಸಹಿಯಾದವು. ಶಿವಶರಣಪ್ಪನವರದು ಆಗಲಿಲ್ಲ.

ಎಲ್ಲರ ಸಹಿ ಕೇಳಿದ್ದೆನಲ್ಲ ಎಂದು ಇಂಜಿನಿಯರ್ ಗೊಣಗಿದ. ಆದರೂ ಸಹಿಯಾದಷ್ಟು ಕಡೆ ನವೆಂಬರಿನಲ್ಲಿ ಗೆರೆ ಎಳೆಸಿದ. ಮೊದಲ ದಿನ ಭಾಗ್ಯಶ್ರೀ ಬಂದಾಗ ವೀರಭದ್ರಪ್ಪ ಗೇಟಿನ ಬಳಿ ನಿಂತಿದ್ದರು.

"ಕೈ ಹ್ಯಾಂಗೈತಿ ತಂಗಿ? ನಂದ ತಪ್ಪಾತು," ಎಂದರು. ಐದು ತಿಂಗಳಲ್ಲಿ ಅವರು ಅವಳನ್ನು ಮಾತಾಡಿಸಿದ್ದು ಅದೇ ಮೊದಲು. ಭಾಗ್ಯಶ್ರೀ ಇಳಿದು ಮಣಿಕಟ್ಟು ತಿರುಗಿಸಿ ತೋರಿಸಿದಳು.

ಹದಿನೈದು ದಿನಗಳ ನಂತರ ಶಿವಶರಣಪ್ಪ ನೇತ್ರಾಳನ್ನು ರಸ್ತೆಯಲ್ಲಿ ತಡೆದು ದೂರಿದರು. ಬೆಳಿಗ್ಗೆ ಏಳೂವರೆಗೆ ಸೈಕಲ್ಲಿನ ಹೆಣ್ಣುಮಕ್ಕಳೆಲ್ಲ ತಮ್ಮ ಮನೆಯ ಮುಂದೆಯೇ ಗಂಟೆ ಬಾರಿಸುತ್ತಾರೆ, ಪೂಜೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ ಎಂದರು.

"ಗೆರಿ ನಿಮ್ಮ ಕಾರಿಗೆ ಬಂದು ನಿಂತೈತ್ರಿ. ಅವರು ನಡು ರಸ್ತಾಕ ಬರಬೇಕಾದ್ರ ಗಂಟಿ ಬಾರಸಬೇಕಲ್ರಿ," ಎಂದಳು ನೇತ್ರಾ.

ಮುಂದಿನ ಸಭೆಯಲ್ಲಿ ಈ ವಿಷಯ ಇಡೋಣ ಎಂದರು ಶಿವಶರಣಪ್ಪ. ಸಭೆಗೆ ತಾನಿನ್ನು ಬರುವುದಿಲ್ಲ, ಒಂದು ಸಹಿ ಸಾಕು ಎಂದು ನೇತ್ರಾ ಚೀಲದಿಂದ ಪೆನ್ನು ತೆಗೆದು ಮುಂದೆ ಹಿಡಿದಳು. ಮಗನನ್ನು ಕೇಳಿ ಹೇಳುತ್ತೇನೆಂದು ಶಿವಶರಣಪ್ಪ ಒಳಗೆ ಹೋದರು. ಅವಳು ಪೆನ್ನಿನ ಮುಚ್ಚಳ ಹಾಕಿ ತರಕಾರಿ ತರಲು ಹೊರಟಳು.