ದೊಡ್ಡದೆಲ್ಲ ಕೊಂಪಾದ್ರೆಗೆ

ನನ್ನ ಕೈಗುಣ ಕೆಟ್ಟದ್ದು ಎಂದು ಮೊದಲು ಹೇಳಿದವಳು ನನ್ನ ಅತ್ತೆ ತೊಮಾಸಾ. ಆಮೇಲೆ ಊರೇ ಹೇಳಿತು. ಹೇಳುವವರಿಗೇನು, ಎಲುಬಿಲ್ಲದ ನಾಲಿಗೆ. ಮಾಂಸಕ್ಕೆಂದು ಸಾಕಿದ, ಒಲೆಯ ಪಕ್ಕ ಓಡಾಡಿಕೊಂಡಿರುವ ಗಿನಿಪಿಗ್ ಜಾತಿಯ ಕುಯ್‌ಗಳು ಸೂಲಿಗೆ ಒಂದೇ ಮರಿ ಹಾಕಿದರೆ ಅದು ನನ್ನ ಕೈಗುಣ. ಹಾಕಿದ ಮರಿ ಹೆಬ್ಬೆರಳಿನ ಗಾತ್ರಕ್ಕಿದ್ದು ಬೆಳಗಾಗುವಷ್ಟರಲ್ಲಿ ಸೆಟೆದುಕೊಂಡು ಬಿದ್ದಿದ್ದರೆ ಅದೂ ನನ್ನ ಕೈಗುಣ. ಕೋಳಿ ಮೊಟ್ಟೆಯಿಡದೆ, ಇಟ್ಟವಳ ಹಾಗೆ ಊರಿಗೆಲ್ಲ ಕೇಳುವಂತೆ ಕೂಗಿಕೊಂಡು ತಿರುಗಿದರೂ ನನ್ನದೇ ತಪ್ಪು. ಹಿತ್ತಲ ಅವರೆಯಲ್ಲಿ ಕಾಳಿಗಿಂತ ಸಿಪ್ಪೆ ಹೆಚ್ಚು, ಆಲೂಗಡ್ಡೆ ಅಗೆದರೆ ಮಕ್ಕಳು ಆಡುವ ಗೋಲಿಯಂಥವು. ಬೆಟ್ಟದ ಮೇಲೆ ಆಲಿಕಲ್ಲು ಬಿದ್ದದ್ದೂ ಇವಳ ಕೈಯಿಂದಲೇ ಎಂದು ಆಕೆ ಹೇಳಲಿಲ್ಲ, ಅಷ್ಟು ಪುಣ್ಯ.

ನಾನು ಎಪಿಫಾನಿಯಾ. ಕಣಿವೆಯ ಆಚೆ ದಂಡೆಯ ಊರಿನವಳು. ಲಿಬೊರಿಯೊನನ್ನು ಕಟ್ಟಿಕೊಂಡು ಈ ಮನೆಗೆ ಬರುವಾಗ ನನ್ನ ಅಮ್ಮ ಬುಟ್ಟಿ ತುಂಬ ಹೆಣ್ಣು ಕುಯ್ ಕೊಟ್ಟು ಕಳಿಸಿದ್ದಳು. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ಎತ್ತಬೇಕಾಗಿತ್ತು, ಅಷ್ಟು ಮೈ ತುಂಬಿದ್ದವು. ಮೊದಲ ವರ್ಷದಲ್ಲೇ ಅವೆಲ್ಲ ನೆಂಟರ ತಟ್ಟೆ ಸೇರಿದವು. ಹೊಸ ಸೊಸೆ, ನನ್ನ ತವರಿನದನ್ನು ಜನ ಬೆರಳು ಚೀಪಿಕೊಂಡು ತಿಂದರೆ ನನಗೂ ಹಿಗ್ಗೇ ಆಗಿತ್ತು.

ಕೈಗುಣ ಕೆಟ್ಟಿತೆಂಬ ಮಾತು ಸಣ್ಣದಲ್ಲ. ನಮ್ಮಲ್ಲಿ ಗಂಡಸರು ಸಾಲು ಹೊಡೆಯುತ್ತಾರೆ, ಸಾಲಿಗೆ ಬೀಜ ಇಡುವುದು ಹೆಂಗಸರ ಕೈ. ಒಳ್ಳೆಯ ಕೈಯವಳನ್ನು ಬಿತ್ತನೆಗೆ ಮನೆಮನೆಯವರು ಬಂದು ಕರೆಯುತ್ತಾರೆ, ಮೆಕ್ಕೆಜೋಳದ ಹೆಂಡ ಚಿಚಾದ ಮೊದಲ ಲೋಟ ಅವಳಿಗೇ ಬಗ್ಗಿಸುತ್ತಾರೆ. ಹೋದ ಬಿತ್ತನೆಯಲ್ಲಿ ನಾನು ಮಡಿಲಲ್ಲಿ ಬೀಜ ತುಂಬಿಕೊಂಡು ಸಾಲಿಗಿಳಿದಿದ್ದೆ. ಪಕ್ಕದ ಮನೆಯ ಮುದುಕಿ ಬಂದು ನನ್ನ ಮಡಿಲಿಂದಲೇ ಬೀಜ ಬಾಚಿಕೊಂಡಳು. "ಬಿಡವ್ವ, ನೀನು ಹೋಗಿ ಅಡುಗೆ ನೋಡ್ಕೊ" ಎಂದಳು. ಎಲ್ಲರ ಎದುರಿಗೆ. ಖಾಲಿ ಮಡಿಲು ಕೊಡವಿಕೊಂಡು ನಾನು ಹೊಲದಿಂದ ಮನೆಗೆ ಬಂದೆ. ಆವತ್ತು ಬೇಯಿಸಿದ ಸಾರಿಗೆ ಉಪ್ಪು ಹೆಚ್ಚಾಯಿತು, ಆಗಲಿ ಎಂದೇ ಹಾಕಿದ್ದೆ.

ಅದಾದ ಮೇಲೆ ಇನ್ನೊಂದು ಸೂಲಿನ ಮರಿ ಸತ್ತಿತು. ಅತ್ತೆ ತೀರ್ಪು ಕೊಟ್ಟಳು.

"ಇನ್ಮೇಲೆ ನೀನು ಹುಲ್ಲು ಹಾಕ್ಬೇಡ. ಕೊಯ್ಕೊಂಡು ಬಂದು ಹೊಸ್ತಿಲ ಮೇಲೆ ಮಡಗು. ಪಾಸ್ಕುವಾಲ ಬಂದು ಹಾಕ್ತಾಳೆ."

ಪಾಸ್ಕುವಾಲ ನನ್ನ ನಾದಿನಿ, ಮೇಲುಕೇರಿಯಲ್ಲಿ ಮನೆ. ಬೆಟ್ಟ ಹತ್ತಿ ಕುದುರೆಮಸಾಲೆ ಹುಲ್ಲು ಕೊಯ್ದು, ಬೆನ್ನು ಮುರಿಯುವಂತೆ ಹೊತ್ತು ತರುವವಳು ನಾನು. ಆಕೆ ಬಂದು ಪಾದ್ರಿ ತೀರ್ಥ ಚಿಮುಕಿಸಿದ ಹಾಗೆ ಅದನ್ನು ಎರಚಿ ಹೋಗುವಳು. ಕುಯ್‌ಗಳು ಮಾತ್ರ ಮೊದಲಿನಂತೆಯೇ ಒಂದೊಂದೇ ಹಾಕಿದವು.

"ಈಗ ಯಾರ ಕೈಗುಣ ಅತ್ತೆ?" ಎಂದು ನಾನು ಕೇಳಿಯೇ ಬಿಟ್ಟೆ.

"ನೀನು ಅಲ್ಲೇ ಕಣ್ಣು ಬಿಟ್ಕೊಂಡು ಕೂತಿರ್ತೀಯಲ್ಲ, ಅದಕ್ಕೇ. ನಿನ್ನ ದೃಷ್ಟಿ ಅದು."

"ಹಂಗಾದ್ರೆ ಕಣ್ಣು ಕಟ್ಕೊಂಡು ಅಡುಗೆ ಮಾಡ್ಲಾ?"

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನನ್ನ ಮೊಮ್ಮಗ ವಿಲ್ಬರ್ ಕೂದಲು ತೆಗ್ಸೋ ಶಾಸ್ತ್ರ ಒಂದು ಮುಗೀಲಿ. ಆಮೇಲೆ ಅಷ್ಟನ್ನೂ ಪಾಸ್ಕುವಾಲನ ಮನೆಗೆ ಸಾಗಿಸ್ತೀನಿ. ಈ ಮನೇಲಿ ಒಂದು ಕುಯ್ಯೂ ಇರಬಾರ್ದು."

ನಮ್ಮ ಕಡೆ ಕುಯ್‌ಗಳಿಲ್ಲದ ಅಡುಗೆಮನೆಯ ಹೆಂಗಸನ್ನು ಸೋಮಾರಿ ಎನ್ನುತ್ತಾರೆ, ದಿಕ್ಕಿಲ್ಲದವಳು ಎನ್ನುತ್ತಾರೆ. ಮಗುವಿಗೆ ಜ್ವರ ಬಂದರೆ ಅವಳು ಒಂದು ಬೋಗುಣಿ ಸಾರಿಗೆ ಇನ್ನೊಬ್ಬರ ಬಾಗಿಲು ತಟ್ಟಬೇಕು. ಒಮ್ಮೆ ಮನೆಯಿಂದ ಕುಯ್ ಹೊರಟುಹೋದರೆ ಆ ಹೆಸರು ನನ್ನ ಕೈಗೆ ಸಾಯುವ ತನಕ ಅಂಟಿಕೊಳ್ಳುತ್ತದೆ. ಗಂಡನಿಗೆ ಹೇಳಿದರೆ, "ಅಮ್ಮ ಏನೋ ಅಂತಾಳೆ, ನೀನು ಮನಸಿಗೆ ಹಚ್ಕೋಬೇಡ" ಎಂದ. ಮನಸ್ಸಿಗಲ್ಲದೆ ಇನ್ನೆಲ್ಲಿಗೆ ಹಚ್ಚಿಕೊಳ್ಳಲಿ?

ಆ ಕುಯ್‌ಗಳ ಬಡಕಲು ಸಂತಾನದ ನಡುವೆ ಕೆಂಪ ಎಂಬ ಗಂಡು ಹೇಗೆ ಹುಟ್ಟಿದನೋ ಗೊತ್ತಿಲ್ಲ. ನನ್ನ ಅಮ್ಮನ ಬುಟ್ಟಿಯ ರಕ್ತ ಎಲ್ಲೋ ಒಂದು ತೊಟ್ಟು ಉಳಿದಿದ್ದಿರಬೇಕು. ಅಗಲ ಬೆನ್ನು, ಮೋಟು ಮೂಗು, ಇಟ್ಟಿಗೆಯ ಬಣ್ಣ. ಸೌದೆ ಮುರಿದ ಸದ್ದಿಗೆ ಉಳಿದವು ಮೂಲೆ ಸೇರಿದರೆ ಇವನು ಒಲೆಯ ಮುಂದೆಯೇ ಕೂತು ನಮ್ಮನ್ನು ದಿಟ್ಟಿಸುತ್ತಿದ್ದ. ಇವನು ಸ್ವಲ್ಪ ಮೈ ಹಿಡಿದದ್ದೇ ತಡ, ಅತ್ತೆ ಎತ್ತಿ ತೂಗಿ ನೋಡಿ ಹೇಳಿದಳು, "ಇದು ಕೊಂಪಾದ್ರೆಗೆ."

ಕೊಂಪಾದ್ರೆ ಎಂದರೆ ದೋನ್ ಆಂಬ್ರೋಸಿಯೊ. ಲಾರಿ ಇಟ್ಟವನು, ಮೇಲಿನ ಹುಲ್ಲುಗಾವಲಲ್ಲಿ ದೊಡ್ಡ ಕುರಿಮಂದೆ ಇರುವವನು. ಲಿಬೊರಿಯೊ ಮಗುವಾಗಿದ್ದಾಗ ಅವನ ಕೂದಲಿಗೆ ಮೊದಲ ಕತ್ತರಿ ಹಾಕಿದವನು ಆತನೇ, ಈಗ ನನ್ನ ವಿಲ್ಬರ್‌ನ ಕೂದಲಿಗೂ ಆತನೇ. ಕತ್ತರಿ ಹಾಕಿದವನು ಮಗುವಿಗೆ ಎರಡನೇ ತಂದೆ, ಮನೆಯವರಿಗೆ ಕೊಂಪಾದ್ರೆ, ಮನೆಯ ಹೆಂಗಸು ಅವರಿಗೆ ಕೊಮಾದ್ರೆ. ಅವನ ತಟ್ಟೆಗೆ ಮನೆಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಕುಯ್ ತಲೆ ಸಮೇತ ಬೀಳಬೇಕು. ಅದು ಮರ್ಯಾದೆ. ಅದಕ್ಕಿಂತ ಸ್ವಲ್ಪ ಸಣ್ಣದು ಊರಹಬ್ಬಕ್ಕೆ ಬರುವ ಪಾದ್ರಿಗೆ, ಆಮೇಲಿನದು ಶಾಲೆಯ ಮೇಷ್ಟರಿಗೆ. ನಮ್ಮ ಮನೆಯಲ್ಲಿ ಯಾವುದೇ ಪ್ರಾಣಿ ಮೈ ತುಂಬಿಕೊಂಡರೆ ಅದು ನಮ್ಮದಾಗಿ ಉಳಿಯುತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಅವರೆಯೂ ಹಾಗೇ. ದಪ್ಪ ಕಾಯಿಗಳನ್ನು ಹಸಿಯಲ್ಲೇ ಕಿತ್ತು ಬಂದವರಿಗೆ ಬೇಯಿಸಿ ಹಾಕುವುದು, ಗಿಡದಲ್ಲಿ ಸುಕ್ಕಿ ಉಳಿದದ್ದು ಬೀಜಕ್ಕೆ.

ಶಾಸ್ತ್ರದ ದಿನ ಅಂಗಳ ತುಂಬ ಜನ. ವಿಲ್ಬರ್‌ನನ್ನು ಕಂಬಳಿಯ ಮೇಲೆ ಲಿಬೊರಿಯೊನ ತೊಡೆಯಲ್ಲಿ ಕೂರಿಸಿದೆವು. ಕೂದಲನ್ನು ಜಡೆಜಡೆಯಾಗಿ ಕಟ್ಟಿ ಒಂದೊಂದಕ್ಕೂ ರಿಬ್ಬನ್ ಸುತ್ತಿದ್ದೆ. ದೋನ್ ಆಂಬ್ರೋಸಿಯೊ ಟೋಪಿ ತೆಗೆದು, ಕತ್ತರಿ ಹಿಡಿದು ಮೊದಲ ಜಡೆ ಕತ್ತರಿಸಿ ತಟ್ಟೆಯಲ್ಲಿಟ್ಟ. ಮಗು ಕಿಟಾರನೆ ಕಿರುಚಿತು.

"ನನ್ನ ಮಗನಿಗೆ ಒಂದು ಹೆಣ್ಣು ಕುರಿ!" ಎಂದು ಆತ ಸಾರಿದ. ಜನ ಹೋ ಎಂದರು. ಕೊರಳಿಗೆ ಹಸಿರು ರಿಬ್ಬನ್ ಕಟ್ಟಿದ ಕುರಿಯನ್ನು ಒಳಗೆ ತಂದರು. ಅತ್ತೆ ಕಣ್ಣೊರೆಸಿಕೊಂಡು ಆತನ ಕೈಗೆ ಮುತ್ತಿಟ್ಟಳು.

"ಇದು ಮರಿ ಹಾಕಿ ಹಾಕಿ ನಿಮ್ಮ ಹಟ್ಟಿ ತುಂಬ್ಲಿ ಕೊಮಾದ್ರೆ" ಎಂದು ಆತ ಹರಸಿದ.

ಕುರಿಯನ್ನು ಹಿತ್ತಲಲ್ಲಿ ಕಟ್ಟಲು ನಾನೇ ಹಿಡಿದುಕೊಂಡು ಹೋದೆ. ಅದರ ಉಣ್ಣೆ ಹೊರಗಿನಿಂದ ಚೆನ್ನಾಗಿ ಕಂಡರೂ ಕೈ ಹಾಕಿದರೆ ಒಳಗೆ ಬರೀ ಎಲುಬು. ಮುಂದೆ ಹಾಕಿದ ಎಳೆ ಹುಲ್ಲನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಉಗಿಯಿತು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ನಾನು ಕೆಳತುಟಿ ಎಳೆದು ನೋಡಿದೆ. ಮುಂದಿನ ಹಲ್ಲು ಒಂದೂ ಇರಲಿಲ್ಲ, ಬರೀ ಒಸಡು. ಇದು ಮರಿ ಹಾಕುವುದಿರಲಿ, ಚಳಿಗಾಲ ದಾಟುವ ಕುರಿಯೂ ಅಲ್ಲ.

ಆಗ ನನಗೆ ನೆನಪಾಯಿತು. ಹಿಂದಿನ ವರ್ಷ ಆತನ ಕುರಿಗಳಿಗೆ ಗುರುತು ಹಾಕುವ ಹಬ್ಬಕ್ಕೆ ನಾವು ಕೆಲಸಕ್ಕೆಂದು ಹೋಗಿದ್ದೆವು. ದುಂಡಗಿನ ಮರಿಗಳನ್ನು ಆತ ತಾನೇ ಆರಿಸಿ, ಕಿವಿಗೆ ಕೆಂಪು ಉಣ್ಣೆಯ ಕುಚ್ಚು ಕಟ್ಟಿಸುತ್ತಿದ್ದ. ಮರಿ ಹಿಡಿದುಕೊಂಡಿದ್ದವಳು ನಾನೇ. "ಕುಚ್ಚು ಕಟ್ಟಿದ್ದು ಮಾರೋಕೂ ಇಲ್ಲ, ಕೊಡೋಕೂ ಇಲ್ಲ. ಇವು ಮನೇಲಿ ಉಳಿಯೋವು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಕುಚ್ಚಿಲ್ಲದ್ದನ್ನು ಸಂತೆಗೆ ಹೊಡೆಯುತ್ತಿದ್ದ, ಹಲ್ಲಿಲ್ಲದ್ದನ್ನು ನಮ್ಮಂಥವರ ಮಕ್ಕಳಿಗೆ ದಾನ ಮಾಡುತ್ತಿದ್ದ. ನಾವೋ, ಅಂಥ ಕುರಿಗೆ ಕಣ್ಣೀರು ಹಾಕಿ, ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಗಂಡನ್ನು ಅವನ ತಟ್ಟೆಗೆ ಹಾಕಲು ಹೊರಟಿದ್ದೆವು!

ಅತ್ತೆ ಚಿಚಾದ ಕೊಡ ಹೊತ್ತು ಅಂಗಳಕ್ಕೆ ಹೋಗುತ್ತಾ, "ಕೆಂಪನ್ನ ಬೇಗ ಮುಗ್ಸೇ, ಕೊಂಪಾದ್ರೆ ಹಸಿದಿದಾರೆ. ಇವತ್ತು ಒಂದಿನ ನೀನು ಮುಟ್ಟಿದ್ರೂ ಪರವಾಗಿಲ್ಲ" ಎಂದಳು. ಕೊಲ್ಲುವುದಕ್ಕೆ ನನ್ನ ಕೈ ಆಗುತ್ತದೆ, ಹುಲ್ಲು ಹಾಕುವುದಕ್ಕೆ ಆಗುವುದಿಲ್ಲ.

ನಾನು ಕೆಂಪನನ್ನು ಹಿಡಿದೆ. ಅವನ ಎದೆ ನನ್ನ ಅಂಗೈಯಲ್ಲಿ ಡವಡವ ಎನ್ನುತ್ತಿತ್ತು. ವಿಲ್ಬರ್‌ನನ್ನು ಹೊರುವ ದುಪ್ಪಟಿಯಲ್ಲಿ ಅವನನ್ನು ಹಾಕಿ ಬೆನ್ನಿಗೆ ಕಟ್ಟಿಕೊಂಡೆ. ಮೂಲೆಯಿಂದ ಎರಡು ಬಡಕಲನ್ನು ಹಿಡಿದು ಕೊಯ್ದು, ಹುವಾಕತಾಯ್ ಸೊಪ್ಪು, ಮೆಣಸಿನಕಾಯಿ ಅರೆದು ಹಚ್ಚಿ ಕೆಂಪಗೆ ಕರಿದೆ. ಸುತ್ತ ಆಲೂಗಡ್ಡೆ ಜೋಡಿಸಿದೆ. ಆ ಆಲೂಗಡ್ಡೆಯೂ ಸಣ್ಣವೇ, ಆದ್ದರಿಂದ ಜೋಡಿ ಒಪ್ಪಿತು.

ತಟ್ಟೆ ನೋಡಿ ದೋನ್ ಆಂಬ್ರೋಸಿಯೊ ಹುಬ್ಬು ಹಾರಿಸಿದ. "ಏನಮ್ಮ ಇದು, ಇಲಿ ಹಿಡಿದ್ರಾ?"

ಜನ ನಕ್ಕರು. ಅತ್ತೆಯ ಮುಖ ಬಿಳುಚಿಕೊಂಡಿತು.

"ಇಲಿ ಅಲ್ಲ ಕೊಂಪಾದ್ರೆ" ಎಂದೆ. "ನಮ್ಮನೇಲಿ ಉಳಿದಿರೋ ತಳೀನೇ ಇದು. ದಪ್ಪದ್ದನ್ನೆಲ್ಲ ನೀವು ತಿಂದ್ರಿ, ನೀವು ಬಿಟ್ಟಿದ್ದನ್ನ ಪಾದ್ರಿ ತಿಂದ್ರು, ಮೇಷ್ಟ್ರು ತಿಂದ್ರು. ಬಡಕಲು ನಮಗೆ ಉಳೀತು. ಬಡಕಲು ಬಡಕಲನ್ನೇ ಹೆತ್ತಿತು. ಬಯ್ಸ್ಕೊಂಡೋಳು ಮಾತ್ರ ನಾನು."

"ಬಾಯ್ಮುಚ್ಚೇ!" ಎಂದಳು ಅತ್ತೆ.

"ನಾನೇನು ಕೇಳ್ಕೊಂಡು ತಿಂದ್ನಾ?" ಎಂದ ಆತ. "ನೀವು ಕೊಟ್ರಿ, ತಿಂದೆ. ನಾನೂ ಸುಮ್ನೆ ಬಂದಿದೀನಾ? ಮಗೂಗೆ ಕುರಿ ತಂದಿಲ್ವಾ?"

"ತಂದಿದೀರಿ. ಅದಕ್ಕೆ ಹುಲ್ಲನ್ನ ಯಾರು ಅಗಿದು ಕೊಡ್ಬೇಕು ಅಂತಾನೂ ಹೇಳ್ಬಿಡಿ. ಬಾಯಲ್ಲಿ ಹಲ್ಲೇ ಇಲ್ಲ. ನಿಮ್ಮ ಮಂದೇಲಿ ಕಿವಿಗೆ ಕುಚ್ಚು ಕಟ್ಟಿದ್ದು ಅಷ್ಟೊಂದಿತ್ತಲ್ಲ ಕೊಂಪಾದ್ರೆ, ಒಂದಕ್ಕೂ ನಮ್ಮ ಮನೆ ದಾರಿ ಗೊತ್ತಾಗ್ಲಿಲ್ವಾ?"

ಅಷ್ಟರಲ್ಲಿ ನನ್ನ ಬೆನ್ನ ಮೇಲಿನ ಗಂಟು "ಕುಯ್ಯ್" ಎಂದಿತು. ವಿಲ್ಬರ್ ಅಪ್ಪನ ತೊಡೆಯ ಮೇಲಿದ್ದಾನೆ, ಬೆನ್ನ ಮೇಲೆ ಯಾರು ಎಂದು ಎಲ್ಲರೂ ನೋಡಿದರು. ಕೆಂಪ ದುಪ್ಪಟಿಯಿಂದ ಮೂಗು ಹೊರಗೆ ಹಾಕಿ ಮೀಸೆ ಅಲ್ಲಾಡಿಸಿದ. ಹಿಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಮಡಿಲಿಂದ ಬೀಜ ಬಾಚಿಕೊಂಡಿದ್ದ ಮುದುಕಿಯೇ ಇರಬೇಕು.

ದೋನ್ ಆಂಬ್ರೋಸಿಯೊ ಎರಡು ತುಂಡು ಆಲೂಗಡ್ಡೆ ತಿಂದು, ಟೋಪಿ ಹಾಕಿಕೊಂಡು, ಲಾರಿ ಹತ್ತಿ ಹೋದ. ಶಾಸ್ತ್ರದ ಕುಣಿತವೂ ಆಗಲಿಲ್ಲ. ಲಿಬೊರಿಯೊ ನೆಲ ನೋಡುತ್ತಾ ಕೂತ. "ಮನೆ ಮಾನ ತೆಗೆದ್ಬಿಟ್ಲು" ಎಂದು ಪಾಸ್ಕುವಾಲ ದುಪ್ಪಟಿಯ ಅಂಚಿಗೆ ಮೂಗು ಸೀಟಿಕೊಂಡಳು. ಅತ್ತೆ ಎದ್ದು ಹಿತ್ತಲಿಗೆ ಹೋದಳು. ಇನ್ನು ಕುಯ್‌ಗಳನ್ನು ತುಂಬಲು ಬುಟ್ಟಿ ತರುತ್ತಾಳೆ ಎಂದುಕೊಂಡು ನಾನೂ ಹಿಂದೆಯೇ ಹೋದೆ. ಕೆಂಪನನ್ನು ಕೊಡುವುದಿಲ್ಲ, ಬೇಕಾದರೆ ಅವನ ಜೊತೆ ನಾನೂ ತವರಿಗೆ ಹೋಗುತ್ತೇನೆ ಎಂದು ಹೇಳಲು ಬಾಯಿ ತೆರೆದಿದ್ದೆ.

ಆಕೆ ಕುರಿಯ ಮುಂದೆ ಮಂಡಿಯೂರಿ ಅದರ ಕೆಳತುಟಿ ಎಳೆದು ಹಿಡಿದಿದ್ದಳು. ಒಸಡಿನ ಮೇಲೆ ಬೆರಳಾಡಿಸಿ ನೋಡಿದಳು.

"ಲಿಬೊರಿಯೊಗೆ ಕೊಟ್ಟಿದ್ದ ಕುರೀನೂ ಆ ಚಳಿಗಾಲಾನೇ ಸತ್ತೋಯ್ತು" ಎಂದಳು, ನನ್ನ ಕಡೆ ತಿರುಗದೆ. "ನನ್ನ ಅತ್ತೆ ಅಂದ್ಲು, ನಿನ್ನ ಕೈಗುಣ ಕಣೇ ಅಂತ. ನಾನು ನಂಬಿದ್ದೆ. ಇಷ್ಟು ದಿನಾನೂ ನಂಬಿದ್ದೆ."

ನನಗೆ ಅವಳ ಮೇಲೆ ಸಿಟ್ಟು ಇಳಿಯಲಿಲ್ಲ. ನಂಬಿದ್ದಳಂತೆ, ಅದಕ್ಕೇ ನನ್ನ ತಲೆಗೂ ಕಟ್ಟಿದಳು. ಆದರೂ ಆ ಬಾಗಿದ ಬೆನ್ನು ನೋಡಿ, ಕುರಿ ಉಗಿದಿದ್ದ ಹುಲ್ಲನ್ನು ಬಳಿದು ಬದಿಗೆ ಹಾಕಿದೆ. ಆಕೆ ಎದ್ದು ಒಳಗೆ ಹೋದಳು. ಬುಟ್ಟಿ ತರಲಿಲ್ಲ.

ಆಮೇಲೆ ನಮ್ಮಿಬ್ಬರ ನಡುವೆ ಮಾತು ಬಹಳ ದಿನ ಕಡಿಮೆಯೇ ಇತ್ತು. ಹುಲ್ಲನ್ನು ನಾನು ಹೊಸ್ತಿಲ ಮೇಲೇ ಇಡುತ್ತಿದ್ದೆ. ಪಾಸ್ಕುವಾಲ ಮುನಿಸಿಕೊಂಡು ಬರುವುದು ಬಿಟ್ಟಿದ್ದರಿಂದ ಅತ್ತೆಯೇ ಹಾಕುತ್ತಿದ್ದಳು. ಕುರಿ ಸತ್ತಿತು. ಕೆಂಪ ತನ್ನ ಕೆಲಸ ಮಾಡಿದ. ಅವನ ಮರಿಗಳು ಎರಡೆರಡು, ಮೂರು ಮೂರು ಬಂದವು, ಬಂದವು ಬದುಕಿದವು. ಹಿತ್ತಲಲ್ಲಿ ದಪ್ಪ ಅವರೆಕಾಯಿಗೆ ಯಾರಾದರೂ ಕೈ ಹಾಕಿದರೆ "ಅದು ಬೀಜಕ್ಕೆ!" ಎಂದು ಅತ್ತೆ ಒಳಗಿನಿಂದಲೇ ಗದರುವುದು ನನಗೆ ಕೇಳಿಸುತ್ತಿತ್ತು. ಪಾದ್ರಿಗೂ ಆ ವರ್ಷ ಮೊಟ್ಟೆಯಲ್ಲೇ ಮರ್ಯಾದೆಯಾಯಿತು.

ಒಂದು ಬೆಳಿಗ್ಗೆ ದೋನ್ ಆಂಬ್ರೋಸಿಯೊನ ಹೆಂಡತಿ ಎಡೆಲ್ಮೀರಾ ಬಂದಳು. ತನ್ನ ಅಡುಗೆಮನೆಗೆ ರೋಗ ಬಡಿದು ಕುಯ್‌ಗಳೆಲ್ಲ ಸತ್ತವಂತೆ.

"ಆಗಿದ್ದು ಆಗೋಯ್ತು ಕೊಮಾದ್ರೆ, ನಾವು ನಾವೇ ಅಲ್ವಾ" ಎಂದಳು ಅತ್ತೆಗೆ. "ನಿಮ್ಮಲ್ಲಿ ಒಳ್ಳೇ ತಳಿ ಇದೆ ಅಂತ ಊರೆಲ್ಲ ಅಂತದೆ. ಒಂದು ಗಂಡು ಕೊಡಿ."

"ಅಯ್ಯೋ, ನಿಮಗಲ್ದೆ ಇನ್ಯಾರಿಗೆ ಕೊಡೋಣ?" ಎಂದು ಅತ್ತೆ ಲಂಗ ಎತ್ತಿ ಕಟ್ಟಿ ಒಲೆಯ ಮೂಲೆಗೆ ಹೋದಳು. ಕೆಂಪನ ಮಕ್ಕಳನ್ನು ಒಂದೊಂದಾಗಿ ಬದಿಗೆ ಸರಿಸಿದಳು. ಹಳೇ ಚಾಳಿ ಬಿಡುವವಳಲ್ಲ ಇವಳು ಎಂದುಕೊಂಡೆ. ಆಕೆ ತಳದಲ್ಲಿ ಮುದುರಿ ಕೂತಿದ್ದ ಹಳೆಯ ತಳಿಯ ಒಂದು ಬಡಕಲು ಗಂಡನ್ನು ಹೊರಗೆಳೆದಳು. ಒಂದು ಕಣ್ಣಿಗೆ ಪೊರೆ ಬೇರೆ ಬಂದಿತ್ತು. ಅದರ ಕೊರಳಿಗೆ ಒಂದು ಹಸಿರು ರಿಬ್ಬನ್ ಕಟ್ಟಿದಳು. ಸತ್ತ ಕುರಿಯ ರಿಬ್ಬನ್ ಅದು, ಎತ್ತಿಟ್ಟುಕೊಂಡಿದ್ದಳು.

"ತಗೊಳ್ಳಿ ಕೊಮಾದ್ರೆ. ಮರಿ ಹಾಕಿಸಿ ಹಾಕಿಸಿ ನಿಮ್ಮ ಮನೆ ತುಂಬ್ಲಿ."

ಎಡೆಲ್ಮೀರಾ ಅದನ್ನು ನೋಡಿದಳು, ರಿಬ್ಬನ್ ನೋಡಿದಳು, ಮುಖ ಕೆಂಪು ಮಾಡಿಕೊಂಡು ಅದನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹೋದಳು. ದಾನವನ್ನು ಬೇಡವೆನ್ನಲು ಅವಳಿಗೂ ಬಾಯಿ ಬರಲಿಲ್ಲ.

ಅತ್ತೆ ಬಾಗಿಲು ಹಾಕಿದಳು. ಹೊಸ್ತಿಲ ಮೇಲೆ ನಾನು ಇಟ್ಟಿದ್ದ ಹುಲ್ಲಿನ ಹೊರೆಯನ್ನು ಎತ್ತಿ ತಂದು ನನ್ನ ಮಡಿಲಿಗೆ ಸುರಿದಳು.

"ಹಾಕು" ಎಂದಳು. "ಹಸಿದಿವೆ. ನಿನ್ನ ಕೈಯಿಂದ್ಲೇ ಹಾಕು."