ಹೌದೂ ಅನ್ನಲ್ಲ, ಇಲ್ಲಾನೂ ಅನ್ನಲ್ಲ

ಹಲ್ಲಿನ ಕ್ಲಿನಿಕ್ಕಿಗೆ ಬಂದವರೆಲ್ಲ ಬಾಯಿ ತೆರೆಯಲೇಬೇಕು. ಅಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದವಳು ಒಬ್ಬಳೇ, ಮುಂದಿನ ಮೇಜಿನಲ್ಲಿ ಕೂತು ಹೆಸರು ಬರೆದುಕೊಳ್ಳುವವಳು. ಬೀದಿಯವರು ಅವಳಿಗೆ ಬೀಗದಕ್ಕ ಎಂದು ಹೆಸರಿಟ್ಟಿದ್ದರು. ಹೊಗಳಿ ಇಟ್ಟ ಹೆಸರಲ್ಲ ಅದು; ಸುದ್ದಿ ಕೇಳಲು ಬಂದು ಬರಿಗೈಲಿ ಮರಳಿದವರು ಹೊಟ್ಟೆಯುರಿಗೆ ಇಟ್ಟದ್ದು.

ಇಂಥವರು ಬಂದಿದ್ದರಾ ಎಂದು ಯಾರೇ ಕೇಳಲಿ, ಅವಳು ಹೌದು ಎನ್ನುತ್ತಿರಲಿಲ್ಲ. ಇಲ್ಲ ಎಂದೂ ಹೇಳುತ್ತಿರಲಿಲ್ಲ. "ಇಲ್ಲ ಅನ್ನೋಕೆ ನಿನ್ನ ಗಂಟೇನು ಹೋಗುತ್ತೆ?" ಎಂದು ಸ್ವಂತ ಅತ್ತೆಯೇ ಒಮ್ಮೆ ರೇಗಿದ್ದರು.

"ಇವತ್ತು ಒಬ್ರಿಗೆ ಇಲ್ಲ ಅಂದ್ಬಿಟ್ರೆ, ನಾಳೆ ಇನ್ನೊಬ್ರ ವಿಷಯಕ್ಕೆ ಸುಮ್ನಿದ್ದಾಗ ಅದು ಹೌದು ಅಂತಾಗಲ್ವಾ ಅತ್ತೆ?"

ಅತ್ತೆ ಸಿಟ್ಟಿನಿಂದ ಮಾತು ಬಿಟ್ಟರು. ಮನೆಯಲ್ಲಿ ಸ್ವಲ್ಪ ದಿನ ನೆಮ್ಮದಿಯಾಗಿತ್ತು.

ಡಾಕ್ಟರದ್ದು ತದ್ವಿರುದ್ಧ. ಕೈ ಹಗುರ, ಮನಸ್ಸು ಬೆಣ್ಣೆ, ನಾಲಿಗೆಗೆ ಮಾತ್ರ ಕಡಿವಾಣವಿಲ್ಲ. ಅವರ ಕೋಣೆಗೂ ಜನ ಕಾಯುವ ಹಾಲಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಗೋಡೆಗೂ ಕಿವಿಯಿದೆ ಅನ್ನುತ್ತಾರೆ, ಆ ಹಲಗೆಗೆ ಬಾಯಿಯೇ ಇತ್ತು. ಅದಕ್ಕೇ ಒಳಗೆ ಡಾಕ್ಟರು ಮಾತಿಗಿಳಿದರೆ ಸಾಕು, ಬೀಗದಕ್ಕ ಮೇಜಿನ ಪಕ್ಕದ ಸ್ವಿಚ್ಚು ಒತ್ತಿ ಕಂಪ್ರೆಸರ್ ಹಾಕುತ್ತಿದ್ದಳು. ಹಲ್ಲು ಕೊರೆಯುವ ಯಂತ್ರಕ್ಕೆ ಗಾಳಿ ಕೊಡುವ ಆ ಹಳೆಯ ಡಬ್ಬ ಶುರುವಾಯಿತೆಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದು. ಕರೆಂಟು ಬಿಲ್ಲು ಯಾಕೆ ಇಷ್ಟು ಬರುತ್ತದೆಂದು ಡಾಕ್ಟರಿಗೆ ಎಂದೂ ಅರ್ಥವಾಗಲಿಲ್ಲ.

ಅವತ್ತು ಬೆಳಿಗ್ಗೆ ಹಾಲಿನ ತುಂಬ ಜನ. ಕೆಳಗಿನ ಬಟ್ಟೆ ಶೋರೂಮಿನ ಯಜಮಾನರು ಮೆಟ್ಟಿಲೇರಿ ಬಂದರು. ಇಡೀ ಕಟ್ಟಡ ಅವರದೇ, ಡಾಕ್ಟರೂ ಅವರ ಬಾಡಿಗೆದಾರರೇ. ಬಂದವರೇ ಮೇಜಿನ ಮೇಲೆ ಎರಡೂ ಕೈ ಊರಿದರು.

"ನಮ್ಮ ಬಿಲ್ ಕೌಂಟರ್ ಹುಡುಗಿ ಹಲ್ಲುನೋವು ಅಂತ ನಿನ್ನೆ ರಜ ಹಾಕಿದ್ಲು. ಇವತ್ತು ನೋಡಿದ್ರೆ ಕೆನ್ನೆ ಊದಿಲ್ಲ, ಹಲ್ಲೂ ಕಿತ್ತಿಲ್ಲ. ಇಲ್ಲಿಗೆ ಬಂದಿದ್ಲಾ, ಸುಳ್ಳು ಹೇಳಿದ್ಲಾ?"

ಹುಡುಗಿ ಬಂದಿದ್ದಳು. ಕಡೆಯ ಹಲ್ಲಿನ ನೋವಿಗೆ ಎಕ್ಸ್‌ರೇ ಎಂದಾಗ, ತಾನು ಬಸುರಿ ಎಂದು ಬೀಗದಕ್ಕನ ಕಿವಿಯಲ್ಲಿ ಹೇಳಿ ಅತ್ತಿದ್ದಳು. ಡಾಕ್ಟರು ಎಕ್ಸ್‌ರೇ, ಕೀಳುವುದು ಎರಡನ್ನೂ ಮುಂದಕ್ಕೆ ಹಾಕಿ ಮಾತ್ರೆ ಕೊಟ್ಟಿದ್ದರು. ಹೋದ ವರ್ಷ ಅದೇ ಕೌಂಟರಿನಲ್ಲಿದ್ದವಳು ಬಸುರಿ ಎಂದು ತಿಳಿದ ವಾರವೇ ಯಜಮಾನರು ಬೇರೆಯವಳನ್ನು ತಂದು ಕೂರಿಸಿದ್ದರು. ಈಗ ಬಂದಿದ್ದಳು ಎಂದರೆ ಹುಡುಗಿ ಸುಳ್ಳಿಯಾಗುವುದು ತಪ್ಪುತ್ತದೆ. ಆದರೆ ಹಲ್ಲು ಯಾಕೆ ಕೀಳಲಿಲ್ಲ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಒಂದು ಬಾಗಿಲು ತೆರೆದರೆ ಎಲ್ಲವೂ ತೆರೆದ ಹಾಗೆ.

"ಯಾರು ಬಂದ್ರು, ಯಾರು ಬರ್ಲಿಲ್ಲ, ಎರಡೂ ನಾನು ಹೇಳಲ್ಲ ಯಜಮಾನ್ರೇ," ಎಂದಳು.

ಅಷ್ಟರಲ್ಲಿ ಡಾಕ್ಟರು ಗ್ಲೌಸ್ ಹಾಕಿಕೊಂಡೇ ಹೊರಬಂದರು. "ಓಹೋ, ಬನ್ನಿ ಬನ್ನಿ! ಯಾರು, ಕೌಂಟರ್ ಹುಡುಗೀನಾ? ಅಯ್ಯೋ ಪಾಪ, ಅವಳಿಗೆ..."

ಬೀಗದಕ್ಕ ಸ್ವಿಚ್ಚು ಒತ್ತಿದಳು. ಇಡೀ ಕ್ಲಿನಿಕ್ಕು ಗಡಗಡ ನಡುಗಿತು. ಡಾಕ್ಟರ ತುಟಿ ಅಲುಗುತ್ತಲೇ ಇತ್ತು. ಅವಳು ಕಣ್ಣು ಬಿಟ್ಟದ್ದು ಕಂಡ ಮೇಲೆ ನಿಂತಿತು. ಡಾಕ್ಟರ ನಾಲಿಗೆ ಒಳ ಸೇರಿತೆಂದು ಖಾತ್ರಿಯಾಗುವವರೆಗೆ ಅವಳು ಯಂತ್ರ ಆರಿಸಲಿಲ್ಲ.

ಯಜಮಾನರ ಪಿತ್ತ ನೆತ್ತಿಗೇರಿತ್ತು. "ನನ್ನ ಕಟ್ಟಡದಲ್ಲಿ ಕೂತು ನನಗೇ ಹೇಳಲ್ಲ ಅಂತೀಯಾ? ನಾಳೆನೇ ಖಾಲಿ ಮಾಡಿಸ್ತೀನಿ!"

"ಕಟ್ಟಡ ನಿಮ್ದು. ಬಾಯಿ ಅವರವರದು."

ಹೇಳುವಾಗ ಅವಳಿಗೆ ಭಯವಾಗಿತ್ತು, ಸುಳ್ಳೇಕೆ. ಆದರೆ ಭಯಕ್ಕಿಂತ ಸಿಟ್ಟು ದೊಡ್ಡದಿತ್ತು.

ಯಜಮಾನರು ಕೂತವರ ಕಡೆ ತಿರುಗಿದರು. "ಮುಚ್ಚಿಡೋದು ಏನಾದ್ರೂ ಇದ್ದೋರಿಗೆ ತಾನೇ ಇದೆಲ್ಲ? ನನಗೆ ಅರವತ್ತು ದಾಟಿದೆ. ಮೂವತ್ತೆರಡೂ ನನ್ನವೇ! ಬೇಕಾದ್ರೆ ಇವಳನ್ನೇ ಕೇಳಿ. ಹೇಳಮ್ಮ, ನಂದು ಯಾವುದಾದ್ರೂ ಕಟ್ಟಿಸಿದ ಹಲ್ಲಾ?"

ಯಜಮಾನರ ಮೇಲಿನ ಸಾಲು ಪೂರ್ತಿ ಈ ಕ್ಲಿನಿಕ್ಕಿನದೇ. ಅಂಗಡಿ ಮುಚ್ಚಿದ ಮೇಲೆ ಹಿಂದಿನ ಮೆಟ್ಟಿಲಿನಿಂದ ಬಂದು ಅಳತೆ ಕೊಟ್ಟಿದ್ದರು. ಖಾಲಿ ಮಾಡಿಸುವ ಬೆದರಿಕೆಗೆ ಅವಳು ಇಲ್ಲ ಎಂದೇ ಹೇಳುತ್ತಾಳೆಂದು ಈಗ ನಂಬಿದ್ದರು. ಅವರ ದವಡೆಯ ಪ್ಲಾಸ್ಟರ್ ಅಚ್ಚು ಬೀಗದಕ್ಕನ ಬೆನ್ನ ಹಿಂದಿನ ಬೀರುವಿನಲ್ಲೇ, ಉಳಿದೆಲ್ಲ ಅಚ್ಚುಗಳಂತೆ ಗೋಡೆಗೆ ಮುಖ ಮಾಡಿ ಕೂತಿತ್ತು. ಯಾರ ಬಾಯಿಯೂ ಬಂದವರತ್ತ ಹಲ್ಲು ಕಿರಿಯಬಾರದೆಂದು ಅವಳೇ ಹಾಗೆ ತಿರುಗಿಸಿಡುತ್ತಿದ್ದಳು.

ಒಂದು ಮಾತು ಸಾಕಿತ್ತು. ಆ ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು.

"ಅದಕ್ಕೂ ಅಷ್ಟೇ ಯಜಮಾನ್ರೇ," ಎಂದಳು. "ಹೌದೂ ಅನ್ನಲ್ಲ, ಇಲ್ಲಾನೂ ಅನ್ನಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಯಜಮಾನರ ಕೈ ಮೇಲ್ದುಟಿಗೆ ಹೋಯಿತು. ಈಗ ಎಲ್ಲರೂ ನಗುತ್ತಾರೆಂದು ಹಾಲಿನ ಸುತ್ತ ಕಣ್ಣಾಡಿಸಿದರು. ಯಾರೂ ನಗಲಿಲ್ಲ.

ಮೂಲೆಯಲ್ಲಿ ಕೆನ್ನೆ ಹಿಡಿದು ಕೂತಿದ್ದ ಅಜ್ಜಿ ಗೊಣಗಿದರು. "ಅವಳು ಎಲ್ರಿಗೂ ಹಂಗೇ ಹೇಳೋದು ಕಣಪ್ಪ. ನನ್ನ ಸೊಸೆ ಬಂದಿದ್ಲಾ ಅಂದ್ರೂ ಅದೇ, ನಾನು ಬಂದಿದ್ನಾ ಅಂತ ನಾನೇ ಕೇಳಿದ್ರೂ ಅದೇ. ಕಲ್ಲಿಗಾದ್ರೂ ಕರುಣೆ ಇದ್ದೀತು. ನೀನು ಹೋಗು, ನಮ್ಮ ಸರದಿ ತಡ ಆಗ್ತಿದೆ."

ಯಜಮಾನರು ಕೈ ಇಳಿಸಿದರು. ತಮ್ಮನ್ನು ಈಗ ಉಳಿಸಿದ್ದು ಏನು ಎಂಬುದು ಅವರಿಗೆ ತಿಳಿಯಿತೋ ಏನೋ, ಬೀಗದಕ್ಕನ ಮುಖವನ್ನೊಮ್ಮೆ, ಅವಳ ಹಿಂದಿನ ಬೀರುವನ್ನೊಮ್ಮೆ ನೋಡಿದರು. ಖಾಲಿ ಮಾಡಿಸುವ ಮಾತು ಮತ್ತೆ ಎತ್ತದೆ ಮೆಟ್ಟಿಲಿಳಿದರು.

"ಆ ಸ್ವಿಚ್ಚು," ಎಂದರು ಡಾಕ್ಟರು ತಗ್ಗಿದ ದನಿಯಲ್ಲಿ, "ಇಷ್ಟು ದಿನವೂ ನನಗೇನಾ?"

"ನಿಮಗೇ ಡಾಕ್ಟ್ರೇ."

ಸಂಜೆ ಕೌಂಟರ್ ಹುಡುಗಿ ಓಡೋಡಿ ಮೇಲೆ ಬಂದಳು. ಮುಖದಲ್ಲಿ ಜೀವ ಬಂದಿತ್ತು. "ಅಕ್ಕಾ, ನೋವು ಕಮ್ಮಿಯಾಯ್ತಾ ಅಂತಷ್ಟೇ ಕೇಳಿದ್ರು. ಬೇರೆ ಏನೂ ಕೇಳ್ಲೇ ಇಲ್ಲ! ಯಜಮಾನ್ರು ಬೆಳಿಗ್ಗೆ ಇಲ್ಲಿಗೆ ಬಂದಿದ್ರಂತಲ್ಲ, ನೀವೇನಂದ್ರಿ?"

ಬೀಗದಕ್ಕ ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಚೀಲಕ್ಕೆ ಹಾಕಿಕೊಂಡಳು.

"ಯಾರು ಬಂದ್ರು, ಯಾರು ಬರ್ಲಿಲ್ಲ, ನಾನು ಹೇಳಲ್ಲ ಕಣೇ," ಎಂದಳು.