ಬಿಚ್ಚಿ ನೋಡಬಾರದ ಕಸಿ

"ಕಾಕಾ, ಗ್ರಾಫ್ಟ್ ಮಾಡಲೇಬೇಕು. ಇಲ್ಲದಿದ್ದರೆ ಮುಂದೆ ಬೆರಳು ಮಡಚೋಕೆ ಬರೋದಿಲ್ಲ" ಎಂದು ಡಾಕ್ಟರ್ ಸ್ನೇಹಲ್ ಮರಾಠಿಯಲ್ಲಿ ಹೇಳಿದಾಗ, ಧರ್ಮಣ್ಣ ಸುಟ್ಟ ಬಲಗೈಯ ಉರಿ ಮರೆತು ಅವಳ ಮುಖವನ್ನೇ ನೋಡಿದ.

"ಗ್ರಾಫ್ಟ್ ಅಂದ್ರ ಕಲಂ? ಮಾವಿನ ಗಿಡಕ್ಕ ಕಸಿ ಕಟ್ಟತೀವಲ್ಲ, ಅದಾ?"

"ಅದೇ. ನಿಮ್ಮದು ಗಿಡ, ನಮ್ಮದು ಚರ್ಮ. ತೊಡೆಯಿಂದ ತೆಳ್ಳಗೆ ತೆಗೆದು ಕೈ ಮೇಲೆ ಕೂರಿಸುತ್ತೇವೆ."

ಗೊತ್ತಿದ್ದ ಮಾತು ಕೇಳಿ ಮನುಷ್ಯನಿಗೆ ಧೈರ್ಯ ಬರಬೇಕಿತ್ತು. ಧರ್ಮಣ್ಣನಿಗೆ ಇದ್ದ ಧೈರ್ಯವೂ ಹೋಯಿತು. ವಿಕ್ರೋಳಿಯ ಕಾಲೊನಿಯಲ್ಲಿ ಮೂವತ್ತು ವರ್ಷದಿಂದ ಮಾಲಿ ಅವನು. ಕಸಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದೇ ದಾಸವಾಳದ ಗಿಡದಲ್ಲಿ ಮೂರು ಬಣ್ಣದ ಹೂ ಬಿಡಿಸಿದವನು. ಆದರೆ ಕಸಿ ಎಷ್ಟು ಸಲ ಕೈಕೊಡುತ್ತದೆ ಎಂಬುದೂ ಅವನಿಗೇ ಚೆನ್ನಾಗಿ ಗೊತ್ತು.

"ಹತ್ತು ಕಟ್ಟಿದ್ರ ಮೂರು ಒಣಗತಾವ. ನಂದು ಆ ಮೂರರಾಗ ಬಿದ್ರ? ಚಾಕು ಹಿಡಿಯೂ ಕೈ ಇದು. ಇದು ಹೋದ್ರ ನಾ ಎದಕ್ಕ ಬೇಕು?"

"ಗಿಡಕ್ಕ ಚಾಕು ಹಾಕೂವಾಗ ಅದನ್ನ ಕೇಳಿದ್ರೇನು?" ಪಕ್ಕದಲ್ಲಿ ನಿಂತಿದ್ದ ಹೆಂಡತಿ ಹಾಲವ್ವ ಬಾಯಿ ಹಾಕಿದಳು. "ಭಜಿ ಬಾಣಲಿ ನಾ ಇಳಸ್ತೀನಿ, ಬಿಡ್ರಿ ಅಂದೆ. ಕೇಳಲಿಲ್ಲ. ಈಗರ ಸುಮ್ಮ ಹೂಂ ಅನ್ರಿ." ಬೈಯುತ್ತಲೇ ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು.

ಸ್ನೇಹಲ್ ಸ್ಟೂಲು ಎಳೆದುಕೊಂಡು ಕೂತಳು. "ಒಂದು ಗಿಡದ ಟೊಂಗೆ ಅದೇ ಗಿಡಕ್ಕೆ ಕಟ್ಟಿದರೆ ಏನಾಗುತ್ತೆ, ಕಾಕಾ?"

ಧರ್ಮಣ್ಣ ಯೋಚಿಸಿದ. "ಹೊಂದಕೋತೈತಿ. ತನ್ನದೇ ಅಲ್ಲೇನು."

"ನಿಮ್ಮ ಚರ್ಮವೂ ನಿಮ್ಮದೇ."

ಅವನು ಎಡಗೈಯಿಂದ ಗಡ್ಡ ಕೆರೆದುಕೊಂಡು ಹೂಂ ಅಂದ. ಅಂದವನು ಸುಮ್ಮನಿರಬೇಕಲ್ಲ? ಎದರಿಂದ ಕಟ್ಟತೀರಿ, ಒಳಗ ಗಾಳಿ ಹೋಗಬಾರದು ನೋಡ್ರಿ, ನೀರು ಯಾವಾಗ ತಾಗಿಸಬೇಕು ಎಂದು ಶುರುಮಾಡಿದ. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಡಾಕ್ಟರ್ ಮಾತ್ರ ಎಲ್ಲದಕ್ಕೂ ಉತ್ತರ ಕೊಟ್ಟಳು. "ಐದು ದಿನ ಬಿಚ್ಚಿ ನೋಡೋ ಹಾಗಿಲ್ಲ" ಎಂದೂ ಹೇಳಿದಳು.

"ಅದು ನನಗ ಹೇಳಬ್ಯಾಡ್ರಿ" ಎಂದ ಧರ್ಮಣ್ಣ, ಜಂಬದಿಂದ.

ಆಪರೇಶನ್ ಆಯಿತು. ಮೂರನೆಯ ದಿನಕ್ಕೆ ಜಂಬ ಇಳಿಯಿತು. ಬ್ಯಾಂಡೇಜಿನೊಳಗೆ ನವೆ.

"ಏ ಹಾಲವ್ವ, ಬರೇ ಒಂದು ಮೂಲಿ ಎತ್ತಿ ನೋಡೂಣು. ಹಿಡದೈತೋ ಇಲ್ಲೋ..."

"ಕೈ ತಗೀರಿ!"

ಮದುವೆಯಾದ ಹೊಸತರಲ್ಲಿ ಹಾಲವ್ವ ಕುತೂಹಲ ತಡೆಯಲಾರದೆ ಅವನ ಗುಲಾಬಿ ಕಸಿಯ ಪಟ್ಟಿ ಬಿಚ್ಚಿ ನೋಡಿದ್ದಳು. ಕಸಿ ಒಣಗಿತು. ಧರ್ಮಣ್ಣ ಚೆನ್ನಾಗಿ ಬೈದು, ಎಂಟು ದಿನ ಅವಳ ಜೊತೆ ಮಾತು ಬಿಟ್ಟಿದ್ದ. ಆಮೇಲೆ ಅವಳು ಅವನ ಗಿಡಗಳ ಹತ್ತಿರ ಸುಳಿದದ್ದೇ ಇಲ್ಲ.

"ಒಂದು ಗುಲಾಬಿಗೆ ಎಂಟು ದಿನ ಮಾತು ಬಿಟ್ರಿ. ಇದನ್ನ ಮುಟ್ಟಿದ್ರ ನಾ ವರ್ಷಗಟ್ಟಲೆ ಬಿಡ್ತೀನಿ" ಎಂದು ಹೇಳಿ, ಹಾಲವ್ವ ಸ್ಟೂಲು ಹಾಕಿಕೊಂಡು ಮಂಚದ ಬಲಕ್ಕೇ ಕೂತಳು. ಎರಡು ದಿನ ಅಲ್ಲಿಂದ ಕದಲಲಿಲ್ಲ.

ಐದನೆಯ ದಿನ ಬೆಳಿಗ್ಗೆ ಸ್ನೇಹಲ್ ಬಂದು ಸುತ್ತು ಬಿಚ್ಚತೊಡಗಿದಳು. ಧರ್ಮಣ್ಣ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

"ನನ್ನ ಕೈಲಾಗಂಗಿಲ್ಲ. ಹಾಲವ್ವ, ನೀ ನೋಡು."

"ನಾನಾ? ಆಮ್ಯಾಲ ಬೈಯಂಗಿಲ್ಲ ಅಲಾ?"

"ನೋಡ ಮಾರಾಯ್ತಿ!"

ಕೊನೆಯ ಬಟ್ಟೆ ಸರಿಯಿತು. ಹಾಲವ್ವ ಬಗ್ಗಿದಳು.

"ಕರ್ರಗ ಆಗೇತೇನು? ಏನರ ಹೇಳು!"

"ಮಾವಿನ ಚಿಗುರಿನ ಬಣ್ಣ ಐತ್ರಿ" ಎಂದಳು ಹಾಲವ್ವ, ಮೂಗು ಒರೆಸಿಕೊಳ್ಳುತ್ತ.

"ಹಿಡಿದಿದೆ, ಕಾಕಾ. ಕಿರುಬೆರಳು ಸ್ವಲ್ಪ ಅಲುಗಿಸಿ" ಎಂದಳು ಡಾಕ್ಟರ್.

ಬೆರಳು ಒಂದಿಷ್ಟೇ ಮಡಚಿತು. ಹಾಲವ್ವ ಜಾರಿದ ಕನ್ನಡಕ ಏರಿಸಿಕೊಂಡು, ಇನ್ನೂ ಹತ್ತಿರ ಬಗ್ಗಿ, ಮನಸಾರೆ ನೋಡಿದಳು. ಈ ಸಲ ಯಾರೂ ಬೈಯಲಿಲ್ಲ.